ಹಾಡುಗಾರರ ದನಿ ಅಡಗಿಸುವುದು ಹೇಗೆ, ಹಾಡು ಉಳಿಸಿಕೊಳ್ಳುವುದು ಹೇಗೆ

(ಕೋಲಾರದಲ್ಲಿ ಭಜನೆ ತಂಡದವರು, ಜನಪದ ಗಾಯಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

1976ರ ಮೇ 4ರಿಂದ ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ ಕಿಶೋರ್ ಕುಮಾರ್ ಹಾಡು ನಿಂತುಹೋಯಿತು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ. ಹಿಂದಿ ಸಿನಿಮಾದಲ್ಲಿ ಅವರಿಗಿಂತ ಬೇಡಿಕೆಯಿದ್ದ ಗಂಡುದನಿ ಇರಲಿಲ್ಲ. ಅವರು ಸರ್ಕಾರದ ವಿರುದ್ಧ ಒಂದು ಸಾಲನ್ನೂ ಹಾಡಿದವರಲ್ಲ, ಯಾವ ಪಕ್ಷದ ವೇದಿಕೆಯನ್ನೂ ಹತ್ತಿದವರಲ್ಲ. ಪ್ರೇಮಗೀತೆ, ತಮಾಷೆಯ ಹಾಡು, ವಿರಹದ ಹಾಡು ಹಾಡುತ್ತಿದ್ದ ಮನುಷ್ಯ. ಇಂಥವರ ದನಿ ನಿಲ್ಲಿಸಲು ಏನು ಕಾರಣ ಇದ್ದೀತು ಅಂತ ನೀವು ಕೇಳಬಹುದು. ಕಾರಣ ಒಂದು ಫೋನ್ ಕರೆ.

ಇದು ಗಾಳಿಮಾತಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರ ಮೇ 28ರಂದು ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗ ನೇಮಿಸಿತು. ಆ ಆಯೋಗದ ವರದಿಯಲ್ಲಿ ಕಿಶೋರ್ ಕುಮಾರ್ ಪ್ರಕರಣ ಕಡತದ ಸಮೇತ ದಾಖಲಾಗಿದೆ. ನಡೆದದ್ದು ಹೀಗೆ. ಇಂದಿರಾ ಗಾಂಧಿ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮಕ್ಕೆ ರೇಡಿಯೋ, ಟೀವಿಯಲ್ಲಿ ಪ್ರಚಾರ ಕೊಡಬೇಕು, ಅದಕ್ಕೆ ಸಿನಿಮಾ ಮಂದಿಯನ್ನು ಒಪ್ಪಿಸಬೇಕು ಅಂತ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಧಿಕಾರಿಗಳು ಮುಂಬೈಗೆ ಹೋದರು. ಅವರಲ್ಲಿ ಜಂಟಿ ಕಾರ್ಯದರ್ಶಿಯೊಬ್ಬರು ಕಿಶೋರ್ ಕುಮಾರ್ ಅವರಿಗೆ ಫೋನ್ ಮಾಡಿ, ಮನೆಗೇ ಬಂದು ಮಾತಾಡುತ್ತೇವೆ ಎಂದರು. ತಮಗೆ ಹೃದಯದ ತೊಂದರೆ ಇದೆ, ಯಾರನ್ನೂ ಭೇಟಿ ಮಾಡಬೇಡಿ ಅಂತ ವೈದ್ಯರು ಹೇಳಿದ್ದಾರೆ, ಹೇಗಿದ್ದರೂ ರೇಡಿಯೋ ಟೀವಿಗೆ ಹಾಡುವ ಮನಸ್ಸಿಲ್ಲ ಅಂತ ಅವರು ಹೇಳಿದರು. ಇಷ್ಟೇ. ಈ ಉತ್ತರ ಕಾರ್ಯದರ್ಶಿಯ ಮೇಜಿಗೆ ಬಂದಾಗ ಅದು ಉದ್ಧಟತನ ಅನ್ನಿಸಿಕೊಂಡಿತು.

ಮುಂದೆ ಮೂರು ಕ್ರಮ. ಆಕಾಶವಾಣಿ, ದೂರದರ್ಶನದಲ್ಲಿ ಅವರ ಹಾಡುಗಳಿಗೆ ಮೂರು ತಿಂಗಳ ನಿಷೇಧ. ಅವರು ನಟಿಸುತ್ತಿರುವ ಸಿನಿಮಾಗಳ ಪಟ್ಟಿ ಮಾಡಿ ಮುಂದಿನ ಕ್ರಮಕ್ಕೆ ಇಡುವುದು. ಅವರ ಗ್ರಾಮಫೋನ್ ರೆಕಾರ್ಡುಗಳ ಮಾರಾಟ ತಡೆಯುವುದು. ಈ ಕ್ರಮಗಳಿಂದ ಉಳಿದ ನಿರ್ಮಾಪಕರ ಮೇಲೆ ಒಳ್ಳೆಯ ಪರಿಣಾಮ ಆಗಿದೆ ಅಂತಲೂ ಕಡತದಲ್ಲಿ ಇದೆ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಮಾತು. ಒಬ್ಬ ದೊಡ್ಡ ಗಾಯಕನನ್ನು ಹಿಡಿದರೆ ನೂರು ಜನ ತಾವಾಗಿಯೇ ಬಾಗುತ್ತಾರೆ ಅನ್ನುವ ಲೆಕ್ಕ ಅದು. ಜನಪ್ರಿಯ ಗಾಯಕರನ್ನೇ ಆರಿಸಿಕೊಳ್ಳುವುದು ಈ ಕಾರಣಕ್ಕೆ. ಯಾರಿಗೂ ಗೊತ್ತಿಲ್ಲದವನ ಬಾಯಿ ಮುಚ್ಚಿಸಿದರೆ ಯಾರಿಗೂ ಭಯ ಹುಟ್ಟುವುದಿಲ್ಲ.

ಕೊನೆಗೆ ಕಿಶೋರ್ ಕುಮಾರ್ ಸಹಕರಿಸುವುದಾಗಿ ಪತ್ರ ಬರೆದರು. ನಿಷೇಧ ತೆಗೆಯಬಹುದು, ಎಷ್ಟರ ಮಟ್ಟಿಗೆ ಸಹಕಾರ ಕೊಡುತ್ತಾರೋ ನೋಡೋಣ ಅನ್ನುವ ಅರ್ಥದ ಟಿಪ್ಪಣಿ ಕಡತಕ್ಕೆ ಬಿತ್ತು. ಆಯೋಗದ ಮುಂದೆ, ಆಗ ವಾರ್ತಾ ಸಚಿವರಾಗಿದ್ದ ವಿದ್ಯಾಚರಣ ಶುಕ್ಲ ಇದರ ಹೊಣೆಯನ್ನು ತಾವೇ ಹೊತ್ತುಕೊಂಡರು. ಆ ಪತ್ರಕ್ಕಾಗಿ ಗಾಯಕನನ್ನು ಹೇಡಿ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ರೇಡಿಯೋ, ಟೀವಿ, ರೆಕಾರ್ಡು, ಸಿನಿಮಾ, ಈ ನಾಲ್ಕನ್ನೂ ಒಟ್ಟಿಗೆ ಮುಚ್ಚಿದರೆ 1976ರಲ್ಲಿ ಒಬ್ಬ ಸಿನಿಮಾ ಗಾಯಕನಿಗೆ ಐದನೇ ದಾರಿ ಇರಲಿಲ್ಲ.

ಇಲ್ಲಿ ದಯವಿಟ್ಟು ಗಮನಿಸಿ. ಅವರ ಗಂಟಲನ್ನು ಯಾರೂ ಮುಟ್ಟಲಿಲ್ಲ. ಬಂಧನ ಇಲ್ಲ, ಮೊಕದ್ದಮೆ ಇಲ್ಲ, ಗೆಜೆಟ್‌ನಲ್ಲಿ ಆದೇಶ ಇಲ್ಲ. ನಮ್ಮದು ಕೆರೆಗಳ ಜಿಲ್ಲೆ, ನಿಮಗೆ ಬಿಡಿಸಿ ಹೇಳಬೇಕಿಲ್ಲ: ಕೆರೆ ಕೋಡಿ ಬಿದ್ದಿದ್ದರೂ ನೀರುಗಂಟಿ ತೂಬು ಎತ್ತದಿದ್ದರೆ ಗದ್ದೆಗೆ ನೀರಿಲ್ಲ. ಆಗ ದೇಶಕ್ಕೆಲ್ಲ ರೇಡಿಯೋ ಒಂದೇ, ಅದು ಸರ್ಕಾರದ್ದು. ಟೀವಿ ಒಂದೇ, ಅದೂ ಸರ್ಕಾರದ್ದು. ರೆಕಾರ್ಡು ಒತ್ತುವ ದೊಡ್ಡ ಕಂಪನಿಗಳು ಎರಡು, ಎಚ್‌ಎಂವಿ ಮತ್ತು ಪಾಲಿಡಾರ್. ತೂಬುಗಳು ಇಷ್ಟು ಕಡಿಮೆ ಇದ್ದಾಗ ಮುಚ್ಚುವ ಕೆಲಸಕ್ಕೆ ಪೊಲೀಸರೂ ಬೇಕಾಗುವುದಿಲ್ಲ.

ರೇಡಿಯೋ ನಿಲಯದ ಒಳಗೆ ಇಂಥ ನಿಷೇಧ ಹೇಗೆ ಜಾರಿಯಾಗುತ್ತದೆ ಅಂದರೆ, ಬಹಳ ಸರಳ. ಪ್ರಸಾರವಾಗುವ ಪ್ರತಿ ಹಾಡೂ ಮೊದಲೇ ಕ್ಯೂ ಶೀಟಿನಲ್ಲಿ ಬರೆದಿರಬೇಕು. ಹಾಡಿನ ಹೆಸರು, ಗಾಯಕ, ರೆಕಾರ್ಡಿನ ಸಂಖ್ಯೆ, ಎಷ್ಟು ನಿಮಿಷ. ಮೇಲಿನಿಂದ ಒಂದು ಸುತ್ತೋಲೆ ಬಂದರೆ ಕ್ಯೂ ಶೀಟ್ ಬರೆಯುವವರು ಆ ಹೆಸರು ಬರೆಯುವುದನ್ನು ಬಿಡುತ್ತಾರೆ. ಅಷ್ಟೇ ಸಾಕು. ಕೇಳುಗರಿಗೆ ನಿಷೇಧ ಕಾಣುವುದೇ ಇಲ್ಲ, ಯಾಕೋ ಈಚೆಗೆ ಆ ಹಾಡು ಬರುತ್ತಿಲ್ಲ ಅನ್ನಿಸುತ್ತದೆ. ಇನ್ನು ಯುಗಳಗೀತೆಯ ಪಾಡು ಯೋಚಿಸಿ. ಒಂದೇ ತಟ್ಟೆಯಲ್ಲಿ ಇಬ್ಬರ ದನಿ ಇದೆ. ಒಬ್ಬರಿಗೆ ನಿಷೇಧ ಅಂದರೆ ಜೊತೆಗೆ ಹಾಡಿದವರಿಗೂ, ಸಂಗೀತ ನಿರ್ದೇಶಕರಿಗೂ, ಕವಿಗೂ, ಪಿಟೀಲು ನುಡಿಸಿದವರಿಗೂ ನಿಷೇಧ ಅಂತಲೇ ಅರ್ಥ. ಹಾಗಾಗಿ ಗಾಯಕನ ಮೇಲೆ ಒತ್ತಡ ಸರ್ಕಾರದಿಂದ ಮಾತ್ರ ಬರುವುದಿಲ್ಲ, ಜೊತೆಯವರ ಮುಖದಿಂದಲೂ ಬರುತ್ತದೆ.

ದಾರಿ ಗಡಿಯಾಚೆ ಇದ್ದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ದೂರವಾದವು. ಜನ ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನ್ ಹಿಡಿದರು. ಐದು ವರ್ಷ ಕೇಳುಗರನ್ನು ಕಳೆದುಕೊಂಡ ಮೇಲೆ 1957ರ ಅಕ್ಟೋಬರ್ 3ರಂದು ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರುವಾಯಿತು. ಸಮುದ್ರದಾಚೆ ಒಂದು ಪ್ರಸಾರ ಕೇಂದ್ರ ಇದ್ದದ್ದರಿಂದ ದೆಹಲಿಯ ತೀರ್ಮಾನ ನಿಲ್ಲಲಿಲ್ಲ.

ದಾರಿ ಮುಚ್ಚುವುದಕ್ಕಿಂತ ಕೆಟ್ಟದ್ದು ಮೂಲ ಪ್ರತಿಯನ್ನೇ ನಾಶ ಮಾಡುವುದು. ಅದೇ ತುರ್ತು ಪರಿಸ್ಥಿತಿಯಲ್ಲಿ ಸಂಸದ ಅಮೃತ್ ನಾಹಟಾ ಮಾಡಿದ ರಾಜಕೀಯ ವಿಡಂಬನೆಯ ಸಿನಿಮಾದ ನೆಗೆಟಿವ್ ಮತ್ತು ಪ್ರತಿಗಳು ಸುಟ್ಟುಹೋದವು. ಮುಂದೆ ಅದರ ಮೊಕದ್ದಮೆ ನಡೆದು ಕೆಳಗಿನ ನ್ಯಾಯಾಲಯ ಶಿಕ್ಷೆ ವಿಧಿಸಿತು, 1980ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಡುಗಡೆ ಮಾಡಿತು. ನ್ಯಾಯಾಲಯದ ಕಥೆ ಏನೇ ಇರಲಿ, ಮೊದಲ ಸಿನಿಮಾ ಮಾತ್ರ ಮರಳಿ ಬರಲಿಲ್ಲ. ನಾಹಟಾ 1978ರಲ್ಲಿ ಅದನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಸಿನಿಮಾವನ್ನು ಮತ್ತೆ ತೆಗೆಯಬಹುದು. ಸತ್ತ ಗಾಯಕನ ದನಿಯನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಹಾಗಾಗಿ ಈಗ ಚಿಲಿ ದೇಶಕ್ಕೆ ಹೋಗೋಣ. ವಿಕ್ತೋರ್ ಹಾರಾ ಹುಟ್ಟಿದ್ದು 1932ರಲ್ಲಿ, ಬಡ ರೈತ ಕುಟುಂಬದಲ್ಲಿ. ತಾಯಿ ಅಮಾಂಡ ಹಳ್ಳಿಯ ಮದುವೆ, ಸಾವುಗಳಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದವರು. ಹಾರಾ ರಂಗ ನಿರ್ದೇಶಕರಾಗಿ ಹೆಸರು ಮಾಡಿ, 1960ರ ದಶಕದಲ್ಲಿ ಹೊಸ ಹಾಡಿನ ಚಳವಳಿಯ ಮುಖ್ಯ ದನಿಯಾದರು. ಅಧ್ಯಕ್ಷ ಸಾಲ್ವದೋರ್ ಅಯೆಂದೆ ಸರ್ಕಾರದ ಪರ ಬಹಿರಂಗವಾಗಿ ಹಾಡಿದರು. 1973ರ ಸೆಪ್ಟೆಂಬರ್ 11ರಂದು ಸೇನೆ ದಂಗೆಯೆದ್ದಾಗ ಅವರು ಸಾಂತಿಯಾಗೋದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರ ಜೊತೆ ಇದ್ದರು. ಮಾರನೇ ದಿನ ಸೈನಿಕರು ಎಲ್ಲರನ್ನೂ ಹಿಡಿದು ಚಿಲಿ ಕ್ರೀಡಾಂಗಣ ಎಂಬ ಒಳಾಂಗಣಕ್ಕೆ ತುಂಬಿದರು. ಅಲ್ಲಿ ಒಬ್ಬ ಅಧಿಕಾರಿ ಅವರ ಗುರುತು ಹಿಡಿದ. ದಿನಗಟ್ಟಲೆ ಹೊಡೆದರು, ಕೈಗಳನ್ನು ಜಜ್ಜಿದರು, ಕೊನೆಗೆ ಗುಂಡಿಟ್ಟು ಕೊಂದರು. ದೇಹದ ಮೇಲೆ ನಲವತ್ತಕ್ಕೂ ಹೆಚ್ಚು ಗುಂಡಿನ ಗಾಯಗಳಿದ್ದವು. ಹೊರಗೆ ಎಸೆದಿದ್ದ ದೇಹವನ್ನು ಶವಾಗಾರದ ನೌಕರನೊಬ್ಬ ಗುರುತಿಸಿ ಹೆಂಡತಿ ಜೋನ್ ಅವರಿಗೆ ಸುದ್ದಿ ಮುಟ್ಟಿಸಿದ್ದರಿಂದ, ಸೆಪ್ಟೆಂಬರ್ 18ರಂದು ಗುಟ್ಟಾಗಿ ಮಣ್ಣು ಮಾಡಲು ಸಾಧ್ಯವಾಯಿತು.

ಅವರ ಕೈಗಳನ್ನು ಕತ್ತರಿಸಿ ಹಾಕಿದರು ಅನ್ನುವ ಕಥೆ ನಮ್ಮ ವೇದಿಕೆಗಳಲ್ಲೂ ಆಗಾಗ ಬರುತ್ತದೆ. ಅದು ನಿಜವಲ್ಲ. ಕೈ ಮುರಿದಿದ್ದವು, ಕತ್ತರಿಸಿರಲಿಲ್ಲ. ದಯವಿಟ್ಟು ಹಾಗೆ ಹೇಳಬೇಡಿ. ಒಂದು ಸುಳ್ಳು ಸೇರಿಸಿದರೆ, ಕೊಂದವರ ಕಡೆಯವರು ಆ ಒಂದನ್ನು ತೋರಿಸಿ ಉಳಿದ ಸತ್ಯವನ್ನೆಲ್ಲ ತಳ್ಳಿಹಾಕುತ್ತಾರೆ. ಈ ಕೊಲೆಯ ಸತ್ಯಕ್ಕಾಗಿ ಆ ಕುಟುಂಬ ಐವತ್ತು ವರ್ಷ ನ್ಯಾಯಾಲಯ ಅಲೆದಿದೆ. 2009ರಲ್ಲಿ ದೇಹವನ್ನು ಹೊರತೆಗೆದು ಮತ್ತೆ ಪರೀಕ್ಷಿಸಲಾಯಿತು. 2018ರಲ್ಲಿ ನಿವೃತ್ತ ಸೇನಾಧಿಕಾರಿಗಳಿಗೆ ಶಿಕ್ಷೆಯಾಯಿತು. ಚಿಲಿಯ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2023ರ ಆಗಸ್ಟ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಜೋನ್ ತೀರಿಕೊಂಡರು.

ಇನ್ನು ಹಾಡಿನ ಕಥೆ. ಹಾರಾ ಅವರ ಹಾಡುಗಳನ್ನು ತಂದಿದ್ದ ಡಿಕಾಪ್ ಎಂಬ ರೆಕಾರ್ಡ್ ಸಂಸ್ಥೆಯನ್ನು ದಂಗೆಯ ನಂತರ ಧ್ವಂಸ ಮಾಡಿದರು. ಅನೇಕ ಮೂಲ ಟೇಪುಗಳು ನಾಶವಾದವು. ಮನೆಯಲ್ಲಿ ಆ ರೆಕಾರ್ಡು ಸಿಕ್ಕರೆ ಅಪಾಯ ಅಂತ ಜನ ತಾವೇ ಒಡೆದುಹಾಕಿದರು, ಸುಟ್ಟರು. ಆದರೂ ಇವತ್ತು ಅವರ ದನಿ ಉಳಿದಿದೆ, ಯಾಕೆ? ಜೋನ್ ದೇಶ ಬಿಟ್ಟಾಗ ಟೇಪುಗಳು ಹೊರಗೆ ದಾಟಿದವು, ಬೇರೆ ದೇಶಗಳಲ್ಲಿ ತಟ್ಟೆಯಾಗಿ ಬಂದವು. ದಂಗೆಯ ದಿನ ಇಂತಿ ಇಯಿಮಾನಿ ತಂಡ ಇಟಲಿಯಲ್ಲಿತ್ತು, ಕಿಲಪಯೂನ್ ತಂಡ ಫ್ರಾನ್ಸಿನಲ್ಲಿತ್ತು. ಎರಡೂ ತಂಡ ಅಲ್ಲೇ ಉಳಿದು ಆ ಹಾಡುಗಳನ್ನು ಹಾಡುತ್ತಾ ಹೋದವು. ಕ್ರೀಡಾಂಗಣದಲ್ಲಿ ಹಾರಾ ಬರೆದ ಕೊನೆಯ ಸಾಲುಗಳದ್ದೂ ಹೀಗೆಯೇ. ಅವರು ಬರೆದ ಕಾಗದ ಸೈನಿಕರ ಕೈಗೆ ಸಿಕ್ಕಿತು. ಅಷ್ಟರಲ್ಲಿ ಜೊತೆಯ ಕೈದಿಗಳು ಅದರ ನಕಲು ಮಾಡಿಕೊಂಡಿದ್ದರು, ನಕಲು ಹೊರಗೆ ಬಂತು. ನನ್ನ ಇಡೀ ಮಾತಿನ ಸಾರ ಈ ಕಾಗದದಲ್ಲಿದೆ. ಮೂಲವನ್ನು ಒಬ್ಬರೇ ಜೋಪಾನ ಮಾಡಿದರೆ ಸಾಲದು. ಅಪಾಯ ಬರುವ ಮೊದಲು ಎರಡನೇ ಪ್ರತಿ ಇನ್ನೊಬ್ಬರ ಜೇಬಿಗೆ ಹೋಗಿರಬೇಕು.

ಚಿಲಿಯ ಒಳಗೆ ಉಳಿದವರು ಇನ್ನೊಂದು ದಾರಿ ಕಂಡರು. ಚರಾಂಗೊ ಎಂಬ ಪುಟ್ಟ ತಂತಿವಾದ್ಯ, ಕೇನಾ ಎಂಬ ಕೊಳಲು, ಇವು ಆ ಚಳವಳಿಯ ಗುರುತಾಗಿದ್ದವು. ಅವುಗಳ ಸದ್ದೇ ಅನುಮಾನಕ್ಕೆ ಕಾರಣ. ಆಗ ಬಾರೋಕೊ ಆಂದಿನೊ ಎಂಬ ತಂಡ ಇದೇ ವಾದ್ಯಗಳಲ್ಲಿ ಬಾಖ್ ಮುಂತಾದ ಯೂರೋಪಿನ ಹಳೆಯ ಸಂಗೀತಗಾರರ ರಚನೆಗಳನ್ನು ಚರ್ಚುಗಳಲ್ಲಿ ನುಡಿಸಿತು. ಒಂದು ಪದವೂ ಇಲ್ಲ, ಏನಂತ ಹಿಡಿಯುತ್ತಾರೆ? ಕೇಳುವವರಿಗೆ ಮಾತ್ರ ಕೇನಾದ ಒಂದು ಉಸಿರಿಗೇ ಎಲ್ಲ ಅರ್ಥವಾಗುತ್ತಿತ್ತು. ತತ್ವಪದದಲ್ಲಿ ಹೇಳಬಾರದ್ದನ್ನು ಹೇಳಿಕೊಂಡು ಬಂದ ಕೈವಾರದ ಸೀಮೆಯವರಿಗೆ ಈ ಜಾಣ್ಮೆ ಹೊಸದಲ್ಲ.

ಸೇನಾ ಸರ್ಕಾರವನ್ನು ಟೀಕಿಸಿ ಹಾಡುತ್ತಿದ್ದ ನೈಜೀರಿಯಾದ ಗಾಯಕ ಫೆಲಾ ಕೂಟಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1977ರಲ್ಲಿ ಸೈನಿಕರು ಅವರ ಮನೆಗೆ ನುಗ್ಗಿ ಸುಟ್ಟರು, ವಯಸ್ಸಾದ ತಾಯಿಯನ್ನು ಕಿಟಕಿಯಿಂದ ಎಸೆದರು, ಆಕೆ ಮಾರನೇ ವರ್ಷ ತೀರಿಕೊಂಡರು. ಫೆಲಾ ಹಾಡುವುದು ಬಿಡಲಿಲ್ಲ. ಆಮೇಲಿನ ಸೇನಾ ಸರ್ಕಾರ 1984ರಲ್ಲಿ ಬೇರೆ ದಾರಿ ಹಿಡಿಯಿತು. ಅಮೆರಿಕ ಪ್ರವಾಸಕ್ಕೆ ಹೊರಟಿದ್ದವರನ್ನು ವಿಮಾನ ನಿಲ್ದಾಣದಲ್ಲಿ ವಿದೇಶಿ ಹಣದ ಆರೋಪದ ಮೇಲೆ ಹಿಡಿದು ಐದು ವರ್ಷ ಶಿಕ್ಷೆ ಕೊಟ್ಟಿತು. ಸುಮಾರು ಇಪ್ಪತ್ತು ತಿಂಗಳು ಒಳಗಿದ್ದರು. ಹಾಡಿಗಾಗಿ ಹಿಡಿದೆವು ಅಂತ ಯಾರೂ ಹೇಳಬೇಕಾಗಲಿಲ್ಲ. ಅವರು ಜೈಲಿನಲ್ಲಿದ್ದಾಗ ಅವರ ಒಂದು ಆಲ್ಬಮ್ಮಿನ ಟೇಪುಗಳನ್ನು ವಿದೇಶದ ನಿರ್ಮಾಪಕರೊಬ್ಬರು ತಮ್ಮ ರುಚಿಗೆ ತಿದ್ದಿ, ಫೆಲಾ ನುಡಿಸಿದ್ದ ಭಾಗಗಳನ್ನೇ ತೆಗೆದು ಬಿಡುಗಡೆ ಮಾಡಿದರು. ಹಾಡುಗಾರ ಎದುರಿಗಿಲ್ಲದಾಗ ಹಿತೈಷಿಗಳಿಂದಲೂ ಹಾಡಿಗೆ ಏಟು ಬೀಳುತ್ತದೆ.

ಇದರ ಅತಿ ದೊಡ್ಡ ಉದಾಹರಣೆ ಕಾಂಬೋಡಿಯಾ. ಸಿನ್ ಸಿಸಾಮುತ್ ಆ ದೇಶದ ಮನೆಮನೆಯ ದನಿ. ರಾಷ್ಟ್ರೀಯ ರೇಡಿಯೋದಲ್ಲಿ ಹಾಡುತ್ತಿದ್ದರು, ತಾವೇ ಬರೆದು ರಾಗ ಹಾಕುತ್ತಿದ್ದರು. ರೋಸ್ ಸೆರೆಯ್ ಸೋಥಿಯಾ ಜೊತೆ ಹಾಡಿದ ಯುಗಳಗೀತೆಗಳು ಇವತ್ತಿಗೂ ಅಲ್ಲಿ ಮದುವೆ ಮನೆಯಲ್ಲಿ ಕೇಳುತ್ತವೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ರಾಜಧಾನಿ ನೋಮ್ ಪೆನ್ ಹಿಡಿದು, ಇಡೀ ಊರನ್ನು ಖಾಲಿ ಮಾಡಿಸಿತು. 1979ರ ಜನವರಿ 7ರವರೆಗೆ ಅವರ ಆಳ್ವಿಕೆ. ಆ ಅವಧಿಯಲ್ಲಿ ಈ ಇಬ್ಬರೂ, ಜೊತೆಗೆ ಆ ಪೀಳಿಗೆಯ ಬಹುತೇಕ ಸಂಗೀತಗಾರರೂ ಇಲ್ಲವಾದರು. ಯಾರು, ಯಾವತ್ತು, ಎಲ್ಲಿ ಕೊಂದರು ಅನ್ನುವುದಕ್ಕೆ ಖಚಿತ ದಾಖಲೆ ಇಲ್ಲ. ಮೂಲ ಟೇಪುಗಳೂ ಹೋದವು.

ಉಳಿದದ್ದು ಜನರ ಮನೆಯ ತಟ್ಟೆಗಳು ಮತ್ತು ಕ್ಯಾಸೆಟ್ಟುಗಳು. ನಿರಾಶ್ರಿತರು ಅವನ್ನು ಅಮೆರಿಕಕ್ಕೆ, ಫ್ರಾನ್ಸಿಗೆ ಒಯ್ದರು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಯಿತು. ಈ ನಕಲಿನ ದಾರಿಯಲ್ಲಿ ಏನೇನು ಕೆಟ್ಟಿತು ಅನ್ನುವುದು ನಮಗೆ ಪಾಠ. ವೇಗ ಬದಲಾಗಿ ಶ್ರುತಿ ಏರಿತು. ಹಳೆಯ ಹಾಡು ಸಪ್ಪೆ ಅಂತ ವ್ಯಾಪಾರಿಗಳು ಮೇಲೆ ಯಂತ್ರದ ಡ್ರಮ್ಮು ಸೇರಿಸಿದರು. ಹೆಸರುಗಳು ಅಳಿಸಿಹೋದವು. 1990ರ ದಶಕದಲ್ಲಿ ಅಮೆರಿಕದಲ್ಲಿ ಈ ಹಾಡುಗಳ ಒಂದು ಸಂಕಲನ ಬಂದಾಗ ಅದರಲ್ಲಿ ಒಬ್ಬ ಗಾಯಕರ ಹೆಸರೂ ಇರಲಿಲ್ಲ. ಕೇಳುಗರು ವರ್ಷಗಟ್ಟಲೆ ಹುಡುಕಿ ಒಂದೊಂದೇ ಹೆಸರನ್ನು ಮರಳಿ ಸೇರಿಸಿದರು. ಕೊಂದವರು ದೇಹವನ್ನು ತೆಗೆದಿದ್ದರು. ಹೆಸರನ್ನು ತೆಗೆದದ್ದು ಅಜಾಗರೂಕತೆ. ಅದು ನನಗೆ ಇನ್ನೂ ಹೆಚ್ಚು ಸಂಕಟದ ಸಂಗತಿ, ಯಾಕೆಂದರೆ ಅದನ್ನು ತಪ್ಪಿಸಬಹುದಿತ್ತು.

ಈಗ ನಮ್ಮ ಜಿಲ್ಲೆಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ, ಅಂದರೆ 2007ಕ್ಕೆ ಮುಂಚೆ, ಹಳ್ಳಿ ಹಳ್ಳಿಯಲ್ಲೂ ಕ್ಯಾಸೆಟ್ಟಿಗೆ ಹಾಡು ತುಂಬಿಸಿದ್ದಾರೆ. ತತ್ವಪದ, ಕೋಲಾಟದ ಪದ, ಸೋಬಾನೆ, ತಮಟೆಯ ಜೊತೆ ಹೇಳಿದ ಹೋರಾಟದ ಹಾಡು, ಅರ್ಧ ಕನ್ನಡ ಅರ್ಧ ತೆಲುಗಿನ ಭಜನೆ. ಅವೆಲ್ಲ ಈಗ ಅಟ್ಟದ ಮೇಲೆ, ಟ್ರಂಕಿನಲ್ಲಿ, ಬೀರುವಿನ ಮೂಲೆಯಲ್ಲಿ ಇವೆ. ಬಹುತೇಕ ಒಂದೇ ಒಂದು ಪ್ರತಿ. ಅದನ್ನು ಅಳಿಸಲು ಯಾವ ಸರ್ವಾಧಿಕಾರಿಯೂ ಬೇಕಿಲ್ಲ, ಒಂದು ಮಳೆಗಾಲ ಸೋರಿದರೆ ಸಾಕು. ಇದನ್ನು ಉಳಿಸುವ ಕೆಲಸ ಹೇಗೆ ಅಂತ ವಿವರವಾಗಿ ಹೇಳುತ್ತೇನೆ, ಬರೆದುಕೊಳ್ಳಿ.

ಕ್ಯಾಸೆಟ್ ಸಿಕ್ಕ ತಕ್ಷಣ ಹಾಕಿ ಕೇಳಬೇಡಿ. ಮೊದಲು ಮೇಲಿನ ಅಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಆಮೇಲೆ ಬೆಳಕಿಗೆ ಹಿಡಿದು ಕಿಟಕಿಯಿಂದ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅದನ್ನು ಯಂತ್ರಕ್ಕೆ ಹಾಕಿದರೆ ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲದ ಜೊತೆ ಮುಚ್ಚಿಡಿ. ಪುಡಿ ಪೂರ್ತಿ ಒಣಗಿದ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಹೊರಗಡೆ ಕೂತು ತೆಗೆಯಿರಿ. ಬಿಸಿಲಿಗೆ ಒಣಗಹಾಕುವವರಿದ್ದಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಕ್ಯಾಸೆಟ್ಟಿನ ಮೈ ಸೊಟ್ಟಗಾಗುತ್ತದೆ, ಟೇಪಿನ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಇಳಿಯುವುದೂ ಬಿಸಿಯಲ್ಲಿ ಹೆಚ್ಚು. ಹಾಡು ಶುರುವಾಗುವ ಮೊದಲೇ ಅದೇ ಹಾಡು ಪಿಸುಗುಟ್ಟಿದಂತೆ ಕೇಳುವುದು ಇದರಿಂದ.

ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ಸಿ-60 ಅಂದರೆ ಒಂದು ಬದಿಗೆ ಮೂವತ್ತು ನಿಮಿಷ, ಟೇಪಿನ ದಪ್ಪ ಸುಮಾರು 18 ಮೈಕ್ರಾನ್. ಸಿ-90ರದ್ದು ಸುಮಾರು 12. ಸಿ-120 ಬರೀ 9. ಈ ಕೊನೆಯದ್ದು ಬಹಳ ನಾಜೂಕು, ವೇಗವಾಗಿ ಸುತ್ತಿದರೆ ಹಿಗ್ಗುತ್ತದೆ, ರೋಲರಿಗೆ ಸುತ್ತಿಕೊಳ್ಳುತ್ತದೆ. ಯಾವುದೇ ಹಳೆಯ ಟೇಪಾದರೂ ಮೊದಲು ಒಂದು ಸಲ ಮೊದಲಿಂದ ಕೊನೆವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಇದ್ದ ಸುರುಳಿಯ ಬಿಗಿ ಸಮನಾಗುತ್ತದೆ. ಸಿ-120 ಆದರೆ ಇದನ್ನೂ ಪ್ಲೇ ವೇಗದಲ್ಲೇ ಮಾಡಿ. ಟೇಪಿನ ಹಿಂದೆ ತಾಮ್ರದ ಎಲೆಯ ಮೇಲೆ ಚಿಕ್ಕ ಮೆತ್ತೆ ಇರುತ್ತದೆ. ಅದು ಉದುರಿದ್ದರೆ ದನಿ ಮಂಕಾಗಿ ಬಂದು ಬಂದು ಹೋಗುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಐದು ಸ್ಕ್ರೂ ಬಿಚ್ಚಿ ಸುರುಳಿಯನ್ನು ಇನ್ನೊಂದು ಒಳ್ಳೆಯ ಮೈಗೆ ವರ್ಗಾಯಿಸಿ. ಅಂಟು ಹಾಕಿದ ಕ್ಯಾಸೆಟ್ಟಾದರೆ ಅಂಚಿನಲ್ಲಿ ಬ್ಲೇಡು ತೂರಿಸಿ ನಿಧಾನ ಬಿಡಿಸಬೇಕು.

ಯಂತ್ರ ಮುಖ್ಯ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪೆಟ್ಟಿಗೆಗಳು ಬೇಡ, ಅವುಗಳ ವೇಗ ಅಲುಗುತ್ತದೆ. ಹಳೆಯ ಒಳ್ಳೆಯ ಡೆಕ್ ಹುಡುಕಿ ಹೊಸ ಬೆಲ್ಟ್ ಹಾಕಿಸಿ. ಬೆಲ್ಟ್ ಸಡಿಲವಾದರೆ ಆಲಾಪ ನಡುಗುತ್ತದೆ, ಹಾಡಿದವರಿಗೆ ವಯಸ್ಸಾಗಿತ್ತು ಅಂತ ನಾವು ತಪ್ಪು ತಿಳಿಯುತ್ತೇವೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಹೆಡ್ ಒರೆಸಿ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ಹೆಡ್ಡಿನ ಕೋನವನ್ನು ಬದಲಿಸುತ್ತದೆ. ತುಂಬಿಸಿದ ಯಂತ್ರದ ಕೋನ ಒಂದು, ನಿಮ್ಮ ಯಂತ್ರದ್ದು ಒಂದು. ತಾಳದ ಕಿಣಿಕಿಣಿ, 'ಸ', 'ಶ' ಅಕ್ಷರಗಳು ಅತ್ಯಂತ ಸ್ಪಷ್ಟವಾಗಿ ಕೇಳುವವರೆಗೆ ಆ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇದು, ಎಲ್ಲರೂ ಬಿಟ್ಟುಬಿಡುವ ಕೆಲಸವೂ ಇದೇ. ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ, ಹಳ್ಳಿಯಲ್ಲಿ ತುಂಬಿಸಿದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಅದು ಇರಲಿಲ್ಲ. ಆನ್ ಮಾಡಿದರೆ ಮೇಲಿನ ಸ್ವರಗಳೆಲ್ಲ ಮುಚ್ಚಿಹೋಗುತ್ತವೆ.

ಶ್ರುತಿಯ ಬಗ್ಗೆ ಎಚ್ಚರ. ಕರೆಂಟಿಲ್ಲದ ಕಡೆ ಬ್ಯಾಟರಿ ಸೆಲ್ ಹಾಕಿ ತುಂಬಿಸುತ್ತಿದ್ದರು. ಸೆಲ್ ಸೊರಗುತ್ತಾ ಹೋದರೆ ಟೇಪು ನಿಧಾನವಾಗುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರಿನಲ್ಲಿ ಓಡಿಸಿದರೆ ಹಾಡು ಹೋಗ್ತಾ ಹೋಗ್ತಾ ಶ್ರುತಿ ಏರುತ್ತದೆ. ಮನೆ ಅಂದರೆ ಹಾರ್ಮೋನಿಯಂ ಮೇಲೆ ಶ್ರುತಿಯ ಅಳತೆ; ಒಂದು ಮನೆಯಲ್ಲಿ ಶುರುವಾದದ್ದು ಒಂದೂವರೆ ಮನೆಯಲ್ಲಿ ಮುಗಿದರೆ ವೇಗ ಸುಮಾರು ನೂರಕ್ಕೆ ಆರರಷ್ಟು ಹೆಚ್ಚಾಗಿದೆ ಅಂತ ಲೆಕ್ಕ. ತಂಡದ ಹಳೆಯ ಹಾರ್ಮೋನಿಯಂ ಇನ್ನೂ ಇದ್ದರೆ ಅದನ್ನು ಪಕ್ಕದಲ್ಲಿಟ್ಟು ಹೋಲಿಸಿ. ತಿದ್ದುಪಡಿಯನ್ನು ಬೇರೆ ಪ್ರತಿಯಲ್ಲಿ ಮಾಡಿ, ಮೂಲ ಕಡತವನ್ನು ಇದ್ದ ಹಾಗೇ ಇಡಿ.

ಕಂಪ್ಯೂಟರಿಗೆ ತುಂಬುವಾಗ ವೇವ್ ಕಡತ, 24 ಬಿಟ್, ಕಡಿಮೆಯೆಂದರೆ 48 ಕಿಲೋಹರ್ಟ್ಸ್. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. 96 ಇಟ್ಟರೆ 2 ಜಿಬಿ. ಇವತ್ತಿನ ಹಾರ್ಡ್ ಡಿಸ್ಕಿನಲ್ಲಿ ಇದು ದೊಡ್ಡದಲ್ಲ. ಅತಿ ಜೋರಿನ ಜಾಗದಲ್ಲೂ ಮೀಟರು ಮೈನಸ್ 6 ಡೆಸಿಬೆಲ್ ದಾಟದಿರಲಿ, ತಮಟೆಯ ಮೊದಲ ಏಟು ಯಾವಾಗಲೂ ಮೋಸ ಮಾಡುತ್ತದೆ. ಎಂಪಿ3 ಮಾಡಿ ಮೂಲ ಎಸೆಯಬೇಡಿ. ಸದ್ದು ತೆಗೆಯುವ ಫಿಲ್ಟರನ್ನು ಮೂಲಕ್ಕೆ ಹಾಕಲೇಬೇಡಿ. ಅದು ಹಿಸ್ ಸದ್ದಿನ ಜೊತೆ ಗಾಯಕಿಯ ಉಸಿರನ್ನೂ, ಹಿಮ್ಮೇಳದವರ ಬಳೆಯ ಸದ್ದನ್ನೂ ತಿನ್ನುತ್ತದೆ.

ಆಮೇಲೆ ಹೆಸರು. ಕಡತದ ಹೆಸರಿನಲ್ಲೇ ವರ್ಷ, ಊರು, ಹಾಡಿದವರು ಇರಲಿ. ಜೊತೆಗೆ ಒಂದು ಪುಟ ಬರೆಯಿರಿ: ಯಾರು ಹಾಡಿದ್ದು, ಹಿಮ್ಮೇಳ ಯಾರು, ಯಾರಿಂದ ಕಲಿತದ್ದು, ಯಾವ ಸಂದರ್ಭ, ಯಾವ ಭಾಷೆ, ಸಾಹಿತ್ಯದ ಸಾಲು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆಯಿರಿ, ಊಹೆ ಬೇಡ. ಹಾಡಿದವರು ಬದುಕಿದ್ದರೆ ಅವರ ಬಾಯಲ್ಲೇ ಹೆಸರು ಹೇಳಿಸಿ ಕಡತದ ಮೊದಲಿಗೆ ಸೇರಿಸಿ. ಕಾಗದ ಬೇರೆಯಾದರೂ ದನಿಯ ಜೊತೆ ಹೆಸರು ಉಳಿಯುತ್ತದೆ.

ಪ್ರತಿಗಳು ಮೂರು. ಒಂದು ನಿಮ್ಮ ಹಾರ್ಡ್ ಡಿಸ್ಕ್, ಒಂದು ಬೇರೆ ರೀತಿಯ ಸಂಗ್ರಹ, ಇನ್ನೊಂದು ಬೇರೆ ಊರಿನಲ್ಲಿ ಬೇರೆಯವರ ಮನೆಯಲ್ಲಿ. ಕೋಲಾರದ ಮೂರು ಬೀದಿಯಲ್ಲಿ ಮೂರು ಪ್ರತಿ ಇಟ್ಟರೆ ಅದನ್ನು ಒಂದು ಅಂತಲೇ ಎಣಿಸಿ. ಯೂಟ್ಯೂಬಿಗೆ ಹಾಕಿದ್ದೇವೆ, ಉಳಿಯಿತು ಅಂದುಕೊಳ್ಳಬೇಡಿ. ಅದು ಒಂದು ಕಂಪನಿಯ ತೂಬು, ಒಂದು ದೂರಿಗೆ, ಒಂದು ಆದೇಶಕ್ಕೆ ಮುಚ್ಚುತ್ತದೆ. ವಾಟ್ಸ್ಆ್ಯಪ್ಪಿನಲ್ಲಿ ಕಳಿಸಿದ ಹಾಡು ಕುಗ್ಗಿರಬಹುದು. ವರ್ಷಕ್ಕೊಂದು ಸಲ ಮೂರನ್ನೂ ತೆರೆದು ನೋಡಿ. ಚೆಕ್‌ಸಮ್, ಅಂದರೆ ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಮಾಡಿಟ್ಟುಕೊಂಡರೆ ಕಡತ ಒಳಗೊಳಗೇ ಕೆಟ್ಟಿದೆಯೋ ಅಂತ ಕೇಳದೆಯೇ ಗೊತ್ತಾಗುತ್ತದೆ.

ಪ್ರಶ್ನೆ: ಹಳೆಯ ಹೋರಾಟದ ಹಾಡಿನಲ್ಲಿ ಬದುಕಿರುವವರ ಹೆಸರು ಹಿಡಿದು ಬೈದಿರುವ ಸಾಲುಗಳಿವೆ. ಕತ್ತರಿಸಬಹುದೇ?

ಮೂಲ ಪ್ರತಿಯಲ್ಲಿ ಕತ್ತರಿಸಬೇಡಿ. ಆ ಸಾಲು ಆ ದಿನ ಹಾಡಿದ್ದು ನಿಜ, ಅದು ದಾಖಲೆ. ಹೊರಗೆ ಕೇಳಿಸುವ ಪ್ರತಿ ಬೇರೆ ಮಾಡಿ, ಅಲ್ಲಿ ಆ ಭಾಗ ಬಿಡಿ, ಬಿಟ್ಟಿದ್ದೇವೆ ಅಂತ ಪುಟದಲ್ಲಿ ಬರೆಯಿರಿ. ಗುಟ್ಟಾಗಿ ಕತ್ತರಿಸುವುದಕ್ಕೂ ಕ್ಯೂ ಶೀಟಿನಲ್ಲಿ ಹೆಸರು ಬಿಡುವುದಕ್ಕೂ ವ್ಯತ್ಯಾಸ ಇಲ್ಲ.

ಪ್ರಶ್ನೆ: ಅಜ್ಜಿ ಹಾಡಿದ್ದು, ಅಜ್ಜಿ ಈಗಿಲ್ಲ. ಯಾರ ಒಪ್ಪಿಗೆ ಕೇಳಬೇಕು?

ಜನಪದ ಹಾಡಿಗೆ ಒಡೆಯರಿಲ್ಲ ಅಂತ ಕಂಪನಿಗಳು ಹೇಳುತ್ತವೆ. ಹಾಡಿಗೆ ಇಲ್ಲದಿರಬಹುದು, ಹಾಡಿದ್ದಕ್ಕೆ ಇದೆ. 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಹಾಡಿದವರಿಗೆ ಪ್ರದರ್ಶಕರ ಹಕ್ಕು ಐವತ್ತು ವರ್ಷ ಇರುತ್ತದೆ, ಹಾಡಿದ ಮಾರನೇ ಕ್ಯಾಲೆಂಡರ್ ವರ್ಷದಿಂದ ಎಣಿಕೆ. 2001ರಲ್ಲಿ ಅಜ್ಜಿ ಹಾಡಿದ್ದರೆ 2051ರ ಕೊನೆವರೆಗೆ. ಹಾಗಾಗಿ ಮನೆಯವರನ್ನು ಕೇಳಿ. ಇಟ್ಟುಕೊಳ್ಳಲು ಒಪ್ಪಿಗೆ ಬೇರೆ, ಎಲ್ಲರಿಗೂ ಕೇಳಿಸಲು ಒಪ್ಪಿಗೆ ಬೇರೆ, ಮಾರಲು ಒಪ್ಪಿಗೆ ಬೇರೆ. ಮೂರನ್ನೂ ಒಂದೇ ಸಹಿಗೆ ಕಟ್ಟಬೇಡಿ. ಸಾವಿನ ಮನೆಯ ಹಾಡು, ದೇವರ ಮೈದುಂಬುವಾಗಿನ ಹಾಡು ಹೊರಗೆ ಹಾಕುವುದು ಬೇಡ ಅಂತ ಮನೆಯವರು ಹೇಳಿದರೆ ಹಾಕಬೇಡಿ, ಇಟ್ಟುಕೊಳ್ಳಿ ಸಾಕು. ಕೆಲಸ ಮುಗಿದ ಮೇಲೆ ಕ್ಯಾಸೆಟ್ಟನ್ನೂ, ಕಡತದ ಒಂದು ಪ್ರತಿಯನ್ನೂ ಮನೆಯವರಿಗೆ ಮರಳಿಸಿ. ಪೆನ್ ಡ್ರೈವಿನಲ್ಲಿ ಕೊಡುವಾಗ ಅವರ ಮನೆಯಲ್ಲಿ ಅದನ್ನು ತೆರೆಯುವ ಫೋನೋ ಟೀವಿಯೋ ಇದೆಯೇ ಅಂತ ಕೇಳಿ, ಅಲ್ಲೇ ಹಾಕಿ ತೋರಿಸಿ ಬನ್ನಿ.